ಕಂಪನಿ ಕೈ ಬದಲಾದಾಗ ನೆಚ್ಚಿನ ಕಾರನ್ನು ಏನು ಮಾಡಬೇಕು?

ಯಾವುದೋ ಕಾರ್ ಕಂಪನಿ ಮಾರಾಟ ಆಗುತ್ತಂತೆ, ಇಲ್ಲಾ ಇಂಡಿಯಾ ಬಿಟ್ಟು ಹೋಗುತ್ತಂತೆ ಅಂತ ಸುದ್ದಿ ಬಂದ ಕೂಡಲೇ ಎರಡು ಥರದ ಜನ ಎದ್ದು ಕೂರುತ್ತಾರೆ. ಗಾಡಿ ಇರುವವರು ಸಿಕ್ಕಷ್ಟಕ್ಕೆ ಮಾರಿ ಕೈ ತೊಳೆದುಕೊಳ್ಳಲು ಹೊರಡುತ್ತಾರೆ. ಇಲ್ಲದವರು ಈಗ ಅಗ್ಗಕ್ಕೆ ಸಿಗುತ್ತೆ ಅಂತ ಹೊರಡುತ್ತಾರೆ. ಇಬ್ಬರೂ ನೋಡುವುದು ಗ್ರಿಲ್ ಮೇಲಿನ ಹೆಸರನ್ನು. ನೋಡಬೇಕಾದ್ದು ಬೇರೆ ಇದೆ.

ಕಂಪನಿ ಕೈ ಬದಲಾದಾಗ ಎಲ್ಲವೂ ಒಟ್ಟಿಗೆ ಒಬ್ಬನ ಕೈಗೇ ಹೋಗುವುದಿಲ್ಲ. ಹೆಸರು, ಕಾರ್ಖಾನೆ, ಎಂಜಿನ್ನಿನ ಹಕ್ಕು, ಬಿಡಿಭಾಗದ ಗೋದಾಮು, ಡೀಲರ್‌ಗಳು, ಇವೆಲ್ಲ ಬೇರೆ ಬೇರೆ. ಅಣ್ಣತಮ್ಮಂದಿರು ಪಾಲಾದಾಗ ಹೊಲ ಒಬ್ಬನಿಗೆ, ಮನೆ ಇನ್ನೊಬ್ಬನಿಗೆ ಹೋಗಿ ಮನೆತನದ ಹೆಸರು ಮಾತ್ರ ಎಲ್ಲರಿಗೂ ಉಳಿಯುತ್ತಲ್ಲ, ಹಾಗೆ. ನಿಮ್ಮ ಕಾರಿನ ಗತಿ ಏನು ಅಂತ ತಿಳಿಯಲು ಯಾವ ಪಾಲು ಯಾರಿಗೆ ಹೋಯಿತು ಅಂತ ಹುಡುಕಬೇಕು. ಮುಂಬೈ, ಪುಣೆಯಲ್ಲಿರುವ ನಮಗೆ ಇದು ಕಷ್ಟವೇ ಅಲ್ಲ, ಏಕೆಂದರೆ ಈ ಪಾಲುಪಟ್ಟಿಯ ಅರ್ಧ ಕಥೆ ನಡೆದಿರುವುದೇ ನಮ್ಮ ಸುತ್ತಮುತ್ತ.

ಮೊದಲು ಹೆಸರು

ಹೆಸರು ಮಾರಿದ ಸುದ್ದಿಗೆ ಜಾಸ್ತಿ ಬೆಲೆ ಕೊಡಬೇಡಿ. ಅಂಬಾಸಡರ್ ತೆಗೆದುಕೊಳ್ಳಿ. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. 2017ರಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೆಜೋ ಕಂಪನಿಗೆ ಮಾರಿತು. ಅಂಬಾಸಡರ್ ವಾಪಸ್ ಬರುತ್ತೆ ಅಂತ ಎಲ್ಲರೂ ಖುಷಿಪಟ್ಟರು. 2021ರಲ್ಲಿ ಪೆಜೋ ಗುಂಪು ಫಿಯೆಟ್-ಕ್ರೈಸ್ಲರ್ ಜೊತೆ ಸೇರಿ ಸ್ಟೆಲಾಂಟಿಸ್ ಆಯಿತು. ಆ ಗುಂಪು ಇಲ್ಲಿಗೆ ತಂದ ಕಾರಿನ ಹೆಸರು ಸಿಟ್ರೊಯೆನ್! ಅಂಬಾಸಡರ್ ಕಾಗದದ ಮೇಲೇ ಉಳಿಯಿತು.

ಇದೇ ಪೆಜೋ 1990ರ ದಶಕದಲ್ಲಿ ಮುಂಬೈನ ಪ್ರೀಮಿಯರ್ ಜೊತೆ ಸೇರಿ ಕಲ್ಯಾಣದಲ್ಲಿ 309 ಎಂಬ ಕಾರ್ ಮಾಡಿ, ಕೆಲವೇ ವರ್ಷಗಳಲ್ಲಿ ಬಿಟ್ಟು ಹೋಗಿತ್ತು. ಡೊಂಬಿವಲಿ, ಕಲ್ಯಾಣದ ಹಳಬರನ್ನು ಕೇಳಿ ನೋಡಿ, ಆ ಕಾರಿನ ಬಿಡಿಭಾಗಕ್ಕಾಗಿ ಅಲೆದವರ ಕಥೆ ಸಿಗುತ್ತದೆ. ಕಾರ್ ಚೆನ್ನಾಗಿಯೇ ಇತ್ತು ಅಂತಲೂ ಅವರೇ ಹೇಳುತ್ತಾರೆ.

ಹೆಸರು ಈಗ ಯಾರ ಬಳಿ ಇದೆ ಅಂತ ನೋಡುವುದು ಸುಲಭ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಸಾರ್ವಜನಿಕರಿಗೆ ಹುಡುಕುವ ಅವಕಾಶ ಇದೆ, ದುಡ್ಡು ಕೊಡಬೇಕಿಲ್ಲ. ವಾಹನಗಳಿಗೆ 12ನೇ ವರ್ಗ. ಆ ವರ್ಗ ಹಾಕಿ ಮಾಡೆಲ್ ಹೆಸರು ಬರೆದರೆ ಮಾಲೀಕರು ಯಾರು, ನೋಂದಣಿ ಚಾಲ್ತಿಯಲ್ಲಿದೆಯಾ ಎಲ್ಲ ಕಾಣುತ್ತದೆ. (ಈ ರಿಜಿಸ್ಟ್ರಿಯ ಮುಂಬೈ ಕಚೇರಿ ಇರುವುದು ಆಂಟಾಪ್ ಹಿಲ್‌ನಲ್ಲಿ. ಮಾಟುಂಗಾದಲ್ಲಿ ಕಾಫಿ ಕುಡಿದು ಹೊರಟರೆ ಹತ್ತಿರವೇ, ಆದರೆ ಹೋಗುವ ಅಗತ್ಯ ಇಲ್ಲ.) ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷಕ್ಕೂ ಮೀರಿ ಹೆಸರನ್ನು ಬಳಸದೇ ಇಟ್ಟರೆ ಅದನ್ನು ಪಟ್ಟಿಯಿಂದ ತೆಗೆಯಿರಿ ಅಂತ ಬೇರೆಯವರು ಅರ್ಜಿ ಹಾಕಬಹುದು. ಹಾಗಾಗಿ ಹಳೇ ಹೆಸರೊಂದು ಇದ್ದಕ್ಕಿದ್ದಂತೆ ಯಾವುದೋ ಹೊಸ ಗಾಡಿಯ ಮೇಲೆ ಕಂಡರೆ, ಅದರ ಹಿಂದೆ ಹಳೇ ನೆನಪಿನ ಮೇಲಿನ ಪ್ರೀತಿಯೇ ಇದೆ ಅಂತ ಅಂದುಕೊಳ್ಳಬೇಕಿಲ್ಲ, ಹೆಸರಿನ ಹಕ್ಕು ಉಳಿಸಿಕೊಳ್ಳುವ ಉಪಾಯವೂ ಇರಬಹುದು.

ಕಾರ್ಖಾನೆ

ಪುಣೆಯವರಿಗೆ ತಳೇಗಾಂವ್ ಗೊತ್ತಲ್ಲ, ಎಕ್ಸ್‌ಪ್ರೆಸ್‌ವೇನಲ್ಲಿ ಮುಂಬೈ ಕಡೆ ಹೋಗುವಾಗ ಸಿಗುತ್ತದೆ. ಅಲ್ಲಿ ಜನರಲ್ ಮೋಟರ್ಸ್ ಷೆವರ್ಲೆ ಕಾರುಗಳನ್ನು ಮಾಡುತ್ತಿತ್ತು. 2017ರ ಕೊನೆಗೆ ಇಂಡಿಯಾದಲ್ಲಿ ಮಾರಾಟ ನಿಂತಿತು. ಆದರೆ ಕಾರ್ಖಾನೆ ನಿಂತದ್ದು 2020ರ ಡಿಸೆಂಬರ್‌ನಲ್ಲಿ, ಏಕೆಂದರೆ ಮಧ್ಯದ ಮೂರು ವರ್ಷ ಬೀಟ್ ಕಾರು ರಫ್ತಾಗುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ರಫ್ತು ನಡೆಯುವಷ್ಟು ದಿನ ಬಿಡಿಭಾಗ ಮಾಡುವ ಚಿಕ್ಕ ಕಾರ್ಖಾನೆಗಳ ಡೈಗಳೂ (ಅಚ್ಚುಗಳೂ) ಓಡುತ್ತಿರುತ್ತವೆ. ಷೋರೂಮಿಗೆ ಬೀಗ ಬಿದ್ದರೂ ಬೀಟ್ ಇಟ್ಟುಕೊಂಡವರಿಗೆ ತಕ್ಷಣ ಬಿಸಿ ತಟ್ಟದಿರಲು ಅದೂ ಒಂದು ಕಾರಣ. ನಿಮ್ಮ ಮಾಡೆಲ್ ಇಲ್ಲಿ ಮಾರಾಟ ನಿಂತರೂ ಹೊರದೇಶಕ್ಕೆ ಹೋಗುತ್ತಿದೆಯಾ ಅಂತ ಮೊದಲು ನೋಡಿ.

ಆಮೇಲೆ ಆ ಕಾರ್ಖಾನೆಯನ್ನು ಚೀನಾದ ಗ್ರೇಟ್ ವಾಲ್ ಕೊಳ್ಳಲು ಬಂತು, ಒಪ್ಪಂದ ಮುರಿದುಬಿತ್ತು. 2023ರಲ್ಲಿ ಹ್ಯುಂಡೈ ಕೊಳ್ಳುವ ಒಪ್ಪಂದ ಮಾಡಿಕೊಂಡು, 2025ರಲ್ಲಿ ತನ್ನ ಕಾರುಗಳನ್ನು ಮಾಡಲು ಶುರುಮಾಡಿತು. ಹ್ಯುಂಡೈಗೆ ಬೇಕಿದ್ದದ್ದು ಜಾಗ, ಶೆಡ್ಡು, ಯಂತ್ರ. ಕ್ರೂಸ್ ಆಗಲೀ ಬೀಟ್ ಆಗಲೀ ಅದರ ಕೈಗೆ ಬಂದಿಲ್ಲ. ಕಾರ್ಖಾನೆ ಮತ್ತೆ ತೆರೆಯಿತು, ಇನ್ನು ಷೆವರ್ಲೆ ಸಾಮಾನು ಸಿಗುತ್ತೆ ಅಂತ ಯಾರಾದರೂ ಸೆಕೆಂಡ್ ಹ್ಯಾಂಡ್ ಡೀಲರ್ ಹೇಳಿದರೆ ನಕ್ಕು ಮುಂದೆ ಹೋಗಿ.

ಎಂಜಿನ್ನಿನ ಜಾಡು ಹಿಡಿಯಿರಿ

ಇಲ್ಲಿ ಸ್ವಲ್ಪ ನಿಂತು ಓದಿ. ದುಡ್ಡು ಉಳಿಯುವುದು, ಹೋಗುವುದು ಇಲ್ಲೇ.

ಪುಣೆ-ಅಹಮದ್‌ನಗರ ರಸ್ತೆಯ ರಾಂಜಣಗಾಂವ್‌ನಲ್ಲಿ ಫಿಯೆಟ್ ಮತ್ತು ಟಾಟಾ ಜೊತೆಯಾಗಿ ನಡೆಸುವ ಕಾರ್ಖಾನೆ ಇದೆ. ಪುಂಟೊ, ಲೀನಿಯಾ ಅಲ್ಲಿಯವು. ಈ ಎರಡೂ ಕಾರಿಗೆ ಈಗಲೂ ಪ್ರಾಣ ಬಿಡುವ ಜನ ಇದ್ದಾರೆ. ಸ್ಟೀರಿಂಗಿನ ಭಾರ, ಎಕ್ಸ್‌ಪ್ರೆಸ್‌ವೇನಲ್ಲಿ ನೆಲ ಹಿಡಿದು ಓಡುವ ರೀತಿ, ಅದಕ್ಕೆ ಸಾಟಿ ಇಲ್ಲ ಬಿಡಿ. "ಅಣ್ಣಾ, ಲೀನಿಯಾ ಒಳ್ಳೇ ರೇಟಿಗೆ ಸಿಗ್ತಾ ಇದೆ, ತಗೊಳ್ಲಾ?" ಅಂತ ಹುಬ್ಬಳ್ಳಿ ಕಡೆಯ ಹುಡುಗರು ಪುಣೆಗೆ ಬಂದ ಹೊಸತರಲ್ಲಿ ಕೇಳುತ್ತಲೇ ಇರುತ್ತಾರೆ. ಫಿಯೆಟ್ ತನ್ನ ಹೆಸರಿನ ಕಾರ್ ಮಾರುವುದನ್ನು ಇಲ್ಲಿ ನಿಲ್ಲಿಸಿದೆ. ಹಾಗಾದರೆ ತಗೋಬಾರದಾ?

ಡೀಸೆಲ್ ಲೀನಿಯಾದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಮಾರುತಿ ಸ್ವಿಫ್ಟ್, ಡಿಸೈರ್, ರಿಟ್ಜ್, ಟಾಟಾ ವಿಸ್ಟಾ, ಮಾಂಜಾ, ಹೀಗೆ ಹತ್ತಾರು ಗಾಡಿಗಳಲ್ಲಿ ಇತ್ತು. 2020ರಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬರುವವರೆಗೂ ಮಾರುತಿ ಅದನ್ನು ಲಕ್ಷಗಟ್ಟಲೆ ಮಾಡಿತು. ಹಾಗಾಗಿ ಆ ಎಂಜಿನ್ ಬಿಚ್ಚಿ ಕೂರಿಸಬಲ್ಲ ಮೆಕ್ಯಾನಿಕ್ ನಿಪ್ಪಾಣಿಯಲ್ಲೂ ಸಿಗುತ್ತಾನೆ, ಸಾವಂತವಾಡಿಯಲ್ಲೂ ಸಿಗುತ್ತಾನೆ. ಎಂಜಿನ್ ಒಂದೇ ಅಂದ ಮಾತ್ರಕ್ಕೆ ಪ್ರತಿ ಸಾಮಾನೂ ಒಂದೇ ಅಲ್ಲ, ಟರ್ಬೊ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಗೇರ್‌ಬಾಕ್ಸ್ ಗಾಡಿಯಿಂದ ಗಾಡಿಗೆ ಬೇರೆ ಇರಬಹುದು. ಪಾರ್ಟ್ ನಂಬರ್ ತಾಳೆ ನೋಡದೆ ಯಾವುದನ್ನೂ ಕೊಳ್ಳಬೇಡಿ.

ಜೀಪ್ ಕಂಪಾಸ್ ಕೂಡ ಇದೇ ರಾಂಜಣಗಾಂವ್‌ನದು, 2017ರಿಂದ. ಜೀಪ್ ಹೆಸರಿನಷ್ಟು ಮನೆ ಬದಲಿಸಿದ ಹೆಸರು ಇನ್ನೊಂದಿಲ್ಲ. ವಿಲ್ಲಿಸ್, ಕೈಸರ್, ಎಎಂಸಿ, ಕ್ರೈಸ್ಲರ್, ಡೈಮ್ಲರ್, ಫಿಯೆಟ್, ಈಗ ಸ್ಟೆಲಾಂಟಿಸ್. ನಾಳೆ ಏನಾಗುತ್ತೆ ಅಂತ ಕಂಪಾಸ್ ಇರುವವರಿಗೆ ಚಿಂತೆ ಇರುವುದು ಸಹಜ. ಆದರೆ ಅದರ ಎರಡು ಲೀಟರ್ ಡೀಸೆಲ್ ಎಂಜಿನ್ನನ್ನೇ ಟಾಟಾ ಹ್ಯಾರಿಯರ್, ಸಫಾರಿಯಲ್ಲಿ ಹಾಕಿದೆ, ಎಂಜಿ ಹೆಕ್ಟರ್‌ನಲ್ಲೂ ಅದೇ. ಎಂಜಿನ್ ವಿಷಯಕ್ಕೆ ನಿದ್ದೆಗೆಡಬೇಕಿಲ್ಲ.

ನಿದ್ದೆಗೆಡಿಸುವ ಸಾಮಾನು ಬೇರೆ ಇದೆ. ಹೆಡ್‌ಲೈಟು, ಹಿಂದಿನ ಗಾಜು, ಬಂಪರ್, ಡೋರ್ ಹ್ಯಾಂಡಲ್, ಕನ್ನಡಿ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಕೀ ಜೊತೆ ಹೊಂದಿಕೊಂಡ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಸಾಧನ). ಇವು ಆ ಒಂದು ಮಾಡೆಲ್‌ಗೆ ಅಂತಲೇ ಮಾಡಿದವು, ಬೇರೆ ಗಾಡಿಯದು ಕೂರುವುದಿಲ್ಲ. ಕಂಪನಿ ಹೋದ ಮೇಲೆ ಮೊದಲು ಮಾಯವಾಗುವುದು ಇವೇ. ದಾದರ್‌ನಲ್ಲಿ ಟ್ಯಾಕ್ಸಿಯವನೊಬ್ಬ ಮೂಲೆಗೆ ತಗುಲಿಸಿ ಹೋದರೆ ಎಂಜಿನ್ ಗಟ್ಟಿಮುಟ್ಟಾಗಿರುವ ಗಾಡಿ ಒಂದು ಹೆಡ್‌ಲೈಟಿಗಾಗಿ ತಿಂಗಳುಗಟ್ಟಲೆ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಕೂತಿರುತ್ತದೆ.

ಹಾಗಾಗಿ ಟೋಕನ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಹೆಡ್‌ಲೈಟ್, ಮುಂದಿನ ಗಾಜು, ಬಂಪರ್, ಕ್ಲಚ್ ಸೆಟ್, ಮುಂದಿನ ಸಸ್ಪೆನ್ಷನ್ ಆರ್ಮ್, ಎಸಿ ಕಂಪ್ರೆಸರ್, ಹೊಸ ಕೀ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂಬೈನಲ್ಲಿದ್ದರೆ ಒಪೆರಾ ಹೌಸ್ ಸುತ್ತಲಿನ ಅಂಗಡಿಗಳಲ್ಲಿ, ಪುಣೆಯಲ್ಲಿದ್ದರೆ ನಾನಾ ಪೇಟ್‌ನಲ್ಲಿ ರೇಟ್ ಕೇಳಿ. "ಇದೆ" ಅನ್ನುವ ಉತ್ತರಕ್ಕೂ "ತರಿಸಿ ಕೊಡ್ತೀನಿ" ಅನ್ನುವ ಉತ್ತರಕ್ಕೂ ಬಹಳ ವ್ಯತ್ಯಾಸ. "ಕುರ್ಲಾದಲ್ಲಿ ನೋಡಿ" ಅಂದರೆ ಅರ್ಥ ಆಯ್ತಲ್ಲ, ಹೊಸದು ಇಲ್ಲ, ಸಿಎಸ್‌ಟಿ ರೋಡಿನ ಗುಜರಿಯಲ್ಲಿ ಬಿಚ್ಚಿದ್ದು ಸಿಕ್ಕರೆ ಸಿಕ್ಕಿತು. ಚೀಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನಿಗೆ ಕುರ್ಲಾದ ದಾರಿ ತೋರಿಸಿದರೆ ನಾನಾಗಿದ್ದರೆ ಆ ಗಾಡಿ ಮುಟ್ಟುವುದಿಲ್ಲ, ಎಷ್ಟೇ ಅಗ್ಗ ಇರಲಿ.

ಮಾಲೀಕ ಒಬ್ಬನೇ, ಗತಿ ಎರಡು

ಒಳ್ಳೆ ಮನೆ ಸೇರಿತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುವುದೂ ತಪ್ಪು. 2008ರಲ್ಲಿ ಟಾಟಾ ಮೋಟರ್ಸ್ ಫೋರ್ಡ್‌ನಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ 230 ಕೋಟಿ ಡಾಲರ್‌ಗೆ ಕೊಂಡಿತು. ಲ್ಯಾಂಡ್ ರೋವರ್‌ನ ಹಳೇ ಡಿಫೆಂಡರ್ 2016ರಲ್ಲಿ ನಿಂತಿತು, 2019ರಲ್ಲಿ ಪೂರ್ತಿ ಹೊಸ ರೂಪದಲ್ಲಿ ಬಂತು, ಈಗ ಜುಹು ಕಡೆ ನಿಂತರೆ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಜಾಗ್ವಾರ್ ಮಾತ್ರ ತನ್ನ ಪೆಟ್ರೋಲ್, ಡೀಸೆಲ್ ಮಾಡೆಲ್‌ಗಳನ್ನು ಒಂದೊಂದಾಗಿ ಕೈಬಿಟ್ಟು, ಬರೀ ಎಲೆಕ್ಟ್ರಿಕ್ ಮಾಡುತ್ತೇನೆ, ಅದೂ ಇನ್ನೂ ದುಬಾರಿ ಅಂತ ಹೊರಟಿದೆ. ಪುಣೆಯಲ್ಲೇ ಜೋಡಿಸಿದ ಜಾಗ್ವಾರ್ ಎಕ್ಸ್‌ಎಫ್ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಆಸೆ ಹುಟ್ಟಿಸುವ ಬೆಲೆಗೆ ಸಿಗುತ್ತದೆ. ಕಾರಿನ ಬೆಲೆ ಇಳಿದಿದೆ, ಅದರ ಸಾಮಾನಿನ ಬೆಲೆ ಇಳಿದಿಲ್ಲ. ಅದನ್ನು ತಿಳಿದು ಕೊಂಡರೆ ಸರಿ.

ಒಂದು ಮಾಡೆಲ್ ಹೊಸ ಮಾಲೀಕನ ಕೈಯಲ್ಲಿ ಬದುಕುತ್ತಾ ಇಲ್ವಾ ಅಂತ ಊಹಿಸಲು ನಾನು ಮೂರು ವಿಷಯ ನೋಡುತ್ತೇನೆ. ಅದು ಒಂಟಿ ಕಾರಾ, ಅಥವಾ ಅದರ ಅಡಿಪಾಯದ ಮೇಲೆ ಬೇರೆ ಕಾರುಗಳೂ ನಿಂತಿವೆಯಾ? ಮುಂದೆ ಬರುವ ನಿಯಮಕ್ಕೆ ಹೊಂದಿಸಲು ಎಷ್ಟು ಖರ್ಚು? ಹೊಸ ಮಾಲೀಕನಿಗೆ ಅದೇ ಅಳತೆಯ, ಅದೇ ಬೆಲೆಯ ಸ್ವಂತ ಕಾರ್ ಈಗಾಗಲೇ ಇದೆಯಾ? ಕೊನೆಯ ಪ್ರಶ್ನೆಗೆ ಹೌದು ಅಂತ ಉತ್ತರ ಬಂದರೆ ಕೊಂಡುಬಂದ ಮಗು ಸಾಮಾನ್ಯವಾಗಿ ಉಳಿಯುವುದಿಲ್ಲ. ನಿಯಮದ ಮಾತಿಗೆ ಬಂದರೆ, ಮಾಲೀಕ ಬದಲಾಗದೇ ಇದ್ದರೂ ನಿಯಮವೇ ಮಾಡೆಲ್ ಮುಗಿಸಿದ ಉದಾಹರಣೆ ಇದೆ. ಸುರಕ್ಷತೆಯ ಹೊಸ ನಿಯಮಗಳು ಬಂದ 2019ರಲ್ಲೇ ಮಾರುತಿ ಓಮ್ನಿ, ಜಿಪ್ಸಿ ಎರಡೂ ಹೋದವು. ಕಂಪನಿಗಳು ಷೇರುಪೇಟೆಗೆ ಸಲ್ಲಿಸುವ ಹೇಳಿಕೆಗಳಲ್ಲಿ, ವಾರ್ಷಿಕ ವರದಿಗಳಲ್ಲಿ ಇಂಥ ಸುಳಿವು ಬೇಕಾದಷ್ಟು ಸಿಗುತ್ತದೆ. ಜಾಹೀರಾತಿನಲ್ಲಿ ಸಿಗುವುದಿಲ್ಲ.

ಹೆಸರು ಮರಳಿ ಬಂದರೆ

1991ರಲ್ಲಿ ಪುಣೆಯಿಂದ ಹೊರಬಂದ ಸಿಯೆರಾ ನೆನಪಿದೆಯಲ್ಲ, ಹಿಂದೆ ದೊಡ್ಡ ಗಾಜಿನ ಮೂರು ಬಾಗಿಲ ಗಾಡಿ. 2025ರ ನವೆಂಬರ್‌ನಲ್ಲಿ ಟಾಟಾ ಅದೇ ಹೆಸರನ್ನು ಹೊಸ ಐದು ಬಾಗಿಲ ಗಾಡಿಗೆ ಇಟ್ಟು ತಂದಿತು. 1998ರ ಸಫಾರಿ ಚಾಸಿ ಮೇಲೆ ನಿಂತ ಗಾಡಿ, 2021ರ ಸಫಾರಿ ಹ್ಯಾರಿಯರ್‌ನ ಉದ್ದನೆಯ ರೂಪ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುವಂಥದ್ದು. ಎರಡೂ ಅವರವರ ಕಾಲಕ್ಕೆ ಒಳ್ಳೆಯವೇ. ಹೊಸದು ಕೊಳ್ಳುವವರು ಹೊಸ ಗಾಡಿ ಅಂತಲೇ ಓಡಿಸಿ ನೋಡಿ ಕೊಳ್ಳಿ. ಹಳೇದು ಇರುವವರು, ಹೆಸರು ವಾಪಸ್ ಬಂತು, ಸಾಮಾನೂ ಬರುತ್ತೆ ಅಂತ ಕಾಯಬೇಡಿ. ಒಂದು ಲಾಭ ಉಂಟು, ಹೊಸದು ಬಂದ ಹೊಸತರಲ್ಲಿ ಹಳೇದಕ್ಕೆ ಕೇಳುವವರು ಜಾಸ್ತಿಯಾಗುತ್ತಾರೆ. ಮಾರುವ ಯೋಚನೆ ಇದ್ದರೆ ಅದೇ ಸಮಯ.

ಇಟ್ಟುಕೊಳ್ಳುವುದು ಅಂತ ಗಟ್ಟಿ ಮಾಡಿದರೆ

ಸಾಮಾನು ಕೂಡಿಡಿ, ಆದರೆ ಯಾವುದು ಅಂತ ನೋಡಿ ಕೂಡಿಡಿ. ಜನ ಬೆಲ್ಟು, ಹೋಸು, ಬುಷ್ಷು ತಂದು ಅಟ್ಟಕ್ಕೆ ಹಾಕುತ್ತಾರೆ. ರಬ್ಬರ್ ಕೂತಲ್ಲೇ ಒಣಗಿ ಬಿರುಕು ಬಿಡುತ್ತದೆ, ಸುಮ್ನೆ ದಂಡ. ಕೂಡಿಡಬೇಕಾದ್ದು ಹೆಡ್‌ಲೈಟ್, ಟೇಲ್‌ಲೈಟ್, ಕನ್ನಡಿ, ಹ್ಯಾಂಡಲ್, ಗಾಜು. ಇವು ಕೆಡುವುದಿಲ್ಲ, ಮುಂದೆ ಸಿಗುವುದೂ ಇಲ್ಲ. ಡೀಲರ್ ಅಂಗಡಿ ಮುಚ್ಚುವ ತಿಂಗಳಲ್ಲಿ ಸಾಮಾನು ರಿಯಾಯಿತಿಗೆ ಹೋಗುತ್ತದೆ, ಆಗ ಪಾರ್ಟ್ ನಂಬರ್ ಪಟ್ಟಿ ಹಿಡಿದು ಹೋಗಿ.

ಹಳೇ ಗಾಡಿಗೆ ಈಗಿನ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ನಿಂದ ಹೋಸು, ಕಾರ್ಬ್ಯುರೇಟರ್‌ನ ಗ್ಯಾಸ್ಕೆಟ್ ಬೇಗ ಹಾಳಾಗಬಹುದು. ಎಥನಾಲ್ ತಡೆಯುವ ಹೋಸು ಹಾಕಿಸಿ. ಗೋವಾದಲ್ಲಿರುವವರು, ವಾಸ್ಕೋ ಕಡೆ ಸಮುದ್ರದ ಹತ್ತಿರ ಗಾಡಿ ನಿಲ್ಲಿಸುವವರಂತೂ, ಮಳೆಗಾಲಕ್ಕೆ ಮೊದಲು ಮತ್ತು ನಂತರ ಅಡಿಭಾಗ ತೊಳೆಸಿ ನೋಡಲೇಬೇಕು. ಎಂಜಿನ್ ಸಿಗುತ್ತದೆ, ತುಕ್ಕು ತಿಂದ ಫ್ಲೋರ್‌ಗೆ ಬದಲಿ ಸಿಗುವುದಿಲ್ಲ. ಟಿಂಕರಿಂಗ್ ಮಾಡಿಸುವ ಖರ್ಚು ಗಾಡಿಯ ಬೆಲೆಯನ್ನೇ ದಾಟುತ್ತದೆ.

ವಿಮೆಯ ವಿಷಯ ಹಲವರಿಗೆ ಗೊತ್ತಿಲ್ಲ. ಐದು ವರ್ಷ ದಾಟಿದ ಗಾಡಿಗೆ, ಮತ್ತು ಕಂಪನಿ ಮಾಡುವುದನ್ನೇ ನಿಲ್ಲಿಸಿದ ಮಾಡೆಲ್‌ಗೆ, ಐಡಿವಿ (ಗಾಡಿ ಪೂರ್ತಿ ಹೋದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ) ಎಷ್ಟು ಅನ್ನುವುದು ವಿಮಾ ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳುವ ವಿಷಯ. ಜಾಲತಾಣದಲ್ಲಿ ತೋರಿಸಿದ ಮೊತ್ತಕ್ಕೆ ಕಣ್ಣುಮುಚ್ಚಿ ಹ್ಞೂಂ ಅನ್ನಬೇಡಿ. ಫೋಟೊ, ಬಿಲ್ಲು ತೋರಿಸಿ ಜಾಸ್ತಿ ಕೇಳಿ. ಕಡಿಮೆ ಐಡಿವಿ ಇದ್ದರೆ ಒಂದು ಬಾಗಿಲು, ಎರಡು ಲೈಟು ಹೋದರೂ ಪೂರ್ತಿ ನಷ್ಟ ಅಂತ ಬರೆದು ಕೈಗೆ ಚಿಲ್ಲರೆ ಕೊಟ್ಟು ಕಳಿಸುವ ಸಾಧ್ಯತೆ ಇದೆ.

ಹದಿನೈದು ವರ್ಷ ಆದ ಮೇಲೆ ಫಾರಂ 25 ಹಾಕಿ ಆರ್‌ಸಿ ನವೀಕರಿಸಬೇಕು, ಐದು ವರ್ಷಕ್ಕೊಮ್ಮೆ. ಕಾರಿಗೆ 5,000 ರೂಪಾಯಿ ಶುಲ್ಕ. ಇಪ್ಪತ್ತು ವರ್ಷ ದಾಟಿದರೆ 2025ರಿಂದ 10,000. ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಗಡಿ ಇತ್ತು, ಅದಕ್ಕೇ 2003ರ ಅಕ್ಟೋಬರ್ 29ರಂದು ತಾಡದೇವ್‌ನಲ್ಲಿ ನೋಂದಣಿಯಾದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಸ್ವಂತದ ಪದ್ಮಿನಿಗೆ ಆ ಗಡಿ ಇಲ್ಲ, ಫಿಟ್ ಇದ್ದರೆ ಓಡಿಸಬಹುದು. (ಪದ್ಮಿನಿ ಮಾಡಿದ ಪ್ರೀಮಿಯರ್ ಕಂಪನಿ ವಾಲಚಂದ್ ಹೀರಾಚಂದರದು. ಇಂಡಿಯಾದಲ್ಲಿ ಕಾರ್ ಕಾರ್ಖಾನೆ ಆಗಬೇಕು ಅಂತ 1930ರ ದಶಕದಲ್ಲೇ ಓಡಾಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಇದ್ದರು.) ಐವತ್ತು ವರ್ಷ ಆದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಲು 2021ರ ನಿಯಮ ಇದೆ, ಶುಲ್ಕ 20,000. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ. ಭಾನುವಾರ ಅದರಲ್ಲೇ ತರಕಾರಿ ತರುವ ಅಭ್ಯಾಸ ಇದ್ದರೆ ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ.

ಊರಿನ ಗಾಡಿ ತರುವವರಿಗೆ

ಅಪ್ಪನ ಕಾಂಟೆಸಾ ಕಾರು ಧಾರವಾಡದ ಶೆಡ್‌ನಲ್ಲಿದೆ, ಪುಣೆಗೆ ತರಬೇಕು ಅನ್ನುವವರು ಬಹಳ ಜನ ಇದ್ದಾರೆ. ತನ್ನಿ. ಕೆಎ ನಂಬರಿನಲ್ಲೇ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಡುವುದಾದರೆ ಊರಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತಂದು ಇಲ್ಲಿ ಎಂಎಚ್ ನಂಬರ್ ತೆಗೆದುಕೊಳ್ಳಬೇಕು, ತೆರಿಗೆ ಕಟ್ಟಬೇಕು. ಅಪ್ಪನ ಹೆಸರಿನಲ್ಲೇ ಇದ್ದರೆ ಮೊದಲು ನಿಮ್ಮ ಹೆಸರಿಗೆ ಬರಬೇಕು, ಅವರು ತೀರಿಕೊಂಡಿದ್ದರೆ ಫಾರಂ 31. ಕಾಂಟೆಸಾ ಹೆಸರನ್ನು ಕೂಡ ಹಿಂದುಸ್ತಾನ್ ಮೋಟರ್ಸ್ 2022ರಲ್ಲಿ ಬೇರೆ ಕಂಪನಿಗೆ ಮಾರುವ ಒಪ್ಪಂದ ಮಾಡಿಕೊಂಡಿತು, ಅದನ್ನು ನಂಬಿ ಏನೂ ಮಾಡಬೇಡಿ. ಅದಕ್ಕಿಂತ, ನಿಮ್ಮದು ಇಸುಜು ಎಂಜಿನ್ನಿನ ಕ್ಲಾಸಿಕ್ಕಾ ಅಥವಾ ಅದಕ್ಕೂ ಮುಂಚಿನದಾ ಅಂತ ಬಾನೆಟ್ ತೆಗೆದು ನೋಡಿ, ಅದರ ಮೇಲೆ ಮುಂದಿನದು. ಆರ್‌ಸಿಯಲ್ಲಿ ಬರೆದಿರುವ ಎಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆ ಆಗುತ್ತದಾ ಅಂತ ಊರಲ್ಲೇ ನೋಡಿಕೊಳ್ಳಿ. ಹಳೇ ಕಾಂಟೆಸಾಗಳಲ್ಲಿ ಎಷ್ಟೋ ಜನ ಎಂಜಿನ್ ಬದಲಿಸಿ ಆರ್‌ಟಿಒಗೆ ಹೇಳಿರುವುದಿಲ್ಲ. ಇಲ್ಲಿಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಅದನ್ನು ಹಿಡಿದರೆ ಮತ್ತೆ ಧಾರವಾಡಕ್ಕೇ ಓಡಬೇಕಾಗುತ್ತದೆ.